ಧೂಳಪ್ಪ ಮಾಸ್ತರರ ಕೈ

ನನಗೆ ದೆವ್ವಗಳಲ್ಲಿ ನಂಬಿಕೆ ಇಲ್ಲ. ಈ ಮಾತನ್ನು ಹಗಲು ಹೊತ್ತಿನಲ್ಲಿ, ನಾಲ್ಕು ಜನರ ನಡುವೆ ಗಟ್ಟಿ ದನಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕತ್ತಲಾದ ಮೇಲೆ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ದೆವ್ವ ಅಂತ ಒಂದಿದ್ದು ಅದು ನನ್ನನ್ನು ಹೆದರಿಸಲು ಹೊರಟರೆ ರಾತ್ರಿಯೇ ಬರುತ್ತದೆಂದು ನಂಬಿ, ನಾನು ರಾತ್ರಿಗೆ ಮಾತ್ರ ತಯಾರಾಗಿದ್ದೆ. ಬಸವಕಲ್ಯಾಣದ ಏಪ್ರಿಲ್ ಬಿಸಿಲಿನಲ್ಲಿ, ಮಟಮಟ ಮಧ್ಯಾಹ್ನ, ನಾನು ಜೋಳದ ರೊಟ್ಟಿ ಮುರಿಯುತ್ತ ಕೂತಾಗ ಬಂದೀತೆಂದು ಎಣಿಸಿರಲಿಲ್ಲ.

ಆಗ ನಾನು ಬೆಳಿಗ್ಗೆ ಒಂದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳಿ, ಮಧ್ಯಾಹ್ನ ಮನೆಯಲ್ಲಿ ಕೂತು ಕಂಪೋಸಿಟರ್ ಕಟ್ಟುತ್ತಿದ್ದೆ. ಈ ಪದ ಹುಮನಾಬಾದಿನ ನನ್ನ ಮಾವನವರಿಗೆ ಬಹಳ ದಿನ ತೊಂದರೆ ಕೊಟ್ಟಿತು. ಅವರ ಕಾಲದಲ್ಲಿ ಕಂಪೋಸಿಟರ್ ಎಂದರೆ ಛಾಪಖಾನೆಯಲ್ಲಿ ಸೀಸದ ಅಕ್ಷರಗಳನ್ನು ಒಂದೊಂದೇ ಆರಿಸಿ ಸಾಲು ಜೋಡಿಸುವ ಮನುಷ್ಯ. "ನಮ್ಮ ಅಳಿಯಂದ್ರು ಪ್ರೆಸ್ಸಿನಾಗ ಕೆಲಸಕ್ಕ ಹೊಂಟಾರ" ಎಂದು ಬೀಗರಿಗೆಲ್ಲ ಹೇಳಿಕೊಂಡು ಬಂದರು. ನನ್ನದು ಕಂಪ್ಯೂಟರಿನ ಒಳಗಿನ ಕಂಪೋಸಿಟರ್. ಪರದೆಯ ಮೇಲೆ ನೀವು ನಾಲ್ಕು ಕಿಟಕಿ ತೆರೆದರೆ ಯಾವುದು ಮೇಲೆ, ಯಾವುದು ಕೆಳಗೆ, ಯಾವುದರ ಮೂಲೆ ಎಷ್ಟು ಕಾಣಬೇಕು ಎಂದು ಜೋಡಿಸಿ ತೋರಿಸುವ ಪ್ರೋಗ್ರಾಂ. ಬೇರೆ ಬೇರೆ ಊರುಗಳ ಆರೇಳು ಜನ ಹವ್ಯಾಸಕ್ಕಾಗಿ ಸೇರಿ ಬರೆಯುತ್ತಿದ್ದೆವು. ನಮ್ಮ ಮುಖ್ಯಸ್ಥ ಪುಣೆಯವನು. ನಾನು ಅವನ ಮುಖ ನೋಡಿದ್ದಿಲ್ಲ, ಈಮೇಲ್ ಮಾತ್ರ ನೋಡಿದ್ದೆ.

ನನಗೆ ಬಂದ ಕೆಲಸ ವಿಚಿತ್ರವಾಗಿತ್ತು. ಪರದೆಗೆ ಚಿತ್ರ ಕಳಿಸುವ ಭಾಗ ಮತ್ತು ಮೌಸ್, ಕೀಬೋರ್ಡಿನ ಮಾತು ಕೇಳುವ ಭಾಗ, ಇವೆರಡೂ ಒಂದರೊಳಗೊಂದು ಹೆಣೆದುಕೊಂಡು ಜಟೆಗಟ್ಟಿದ ಕೂದಲಿನಂತಾಗಿದ್ದವು. ಅವನ್ನು ಬಿಡಿಸಿ ಬೇರೆ ಬೇರೆ ಮಾಡಬೇಕು. ಹೊರಗಿನಿಂದ ನೋಡುವವರಿಗೆ ಮಾತ್ರ ಏನೂ ಬದಲಾಗಿರಬಾರದು. ಮೂರು ತಿಂಗಳು ಬೆನ್ನು ಬಗ್ಗಿಸಿ ದುಡಿದ ಮೇಲೆ ನನ್ನ ಹೆಂಡತಿ ಸುವರ್ಣಾ ಬಂದು ಪರದೆ ನೋಡಿ, "ಏನೂ ಫರಕ ಕಾಣವಲ್ದಲ್ರಿ" ಎಂದಳು. "ಅದಕ್ಕೇ ಅಲ್ವೇನ ಇಷ್ಟು ಹೈರಾಣಾಗಿದ್ದು!" ಎಂದು ನಾನು ಎದೆ ಉಬ್ಬಿಸಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು.

ಬದಲಾಗಿಲ್ಲ ಎಂಬುದನ್ನು ಸಾಬೀತು ಮಾಡಲು ಒಂದು ಉಪಾಯ ಮಾಡಿದ್ದೆ. ಒಬ್ಬ ಮನುಷ್ಯ ಮೌಸನ್ನು ಹೇಗೆ ಆಡಿಸಿದ, ಯಾವ ಕೀಲಿ ಯಾವಾಗ ಒತ್ತಿದ ಎಂಬುದನ್ನೆಲ್ಲ ಕ್ಷಣಕ್ಷಣದ ಲೆಕ್ಕದಲ್ಲಿ ಒಂದು ಕಡತದಲ್ಲಿ ಬರೆದಿಡುವುದು; ಆಮೇಲೆ ಮನುಷ್ಯನಿಲ್ಲದೆಯೇ ಆ ಕಡತವನ್ನು ನಡೆಸುವುದು. ಹಳೆಯದೂ ಹೊಸದೂ ಒಂದೇ ಚಿತ್ರ ತೋರಿಸಿದರೆ ಗೆದ್ದಂತೆ. ಇದಕ್ಕೆ ನನ್ನ ಕೈ ಉಪಯೋಗವಿಲ್ಲ. ಎಲ್ಲಿ ಮುಟ್ಟಿದರೆ ಕೆಡುತ್ತದೆಂದು ಅದಕ್ಕೆ ಗೊತ್ತಿರುವುದರಿಂದ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಹಿಂದಿನ ಮಳೆಗಾಲದಲ್ಲಿ, ನಾನಿನ್ನೂ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಾಗ, ಮೂವರ ಕೈಗಳ ದಾಖಲೆ ಮಾಡಿಕೊಂಡಿದ್ದೆ. ಅದರಲ್ಲಿ ಒಬ್ಬರು ಧೂಳಪ್ಪ ಮಾಸ್ತರ್.

ಧೂಳಪ್ಪ ಮಾಸ್ತರರದು ಹುಮನಾಬಾದಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಂದೇ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರು, ಮೂವತ್ತು ವರ್ಷ. ಕಾಲ ಬದಲಾದಾಗ ಮೂಲೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು, ಅವನ್ನು ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಮೌಸನ್ನು ಅವರು ಕಾದ ಇಸ್ತ್ರಿಪೆಟ್ಟಿಗೆ ಹಿಡಿದಂತೆ ಹಿಡಿಯುತ್ತಿದ್ದರು. ಪರದೆಯ ಮೇಲಿನ ಬಾಣ ಯಾವಾಗಲೂ ಗುಂಡಿಯನ್ನು ದಾಟಿ ಮುಂದೆ ಹೋಗುವುದು, ನಿಧಾನ ಹಿಂದೆ ಬರುವುದು, ಎರಡು ಸಲ ಅಲುಗಾಡುವುದು, ಆಮೇಲೆ ಒತ್ತುವುದು. ಆದರೂ ನನಗೆ ಅವರೆಂದರೆ ಅಪಾರ ಪ್ರೀತಿ. ಯಾಕೆಂದರೆ ನನ್ನ ಕಂಪೋಸಿಟರಿನ ಸಿದ್ಧಾಂತಗಳನ್ನು ಇಡೀ ಬೀದರ್ ಜಿಲ್ಲೆಯಲ್ಲಿ ಕೂತು ಕೇಳುತ್ತಿದ್ದವರು ಅವರೊಬ್ಬರೇ. ಗಂಟೆಗಟ್ಟಲೆ ಹೇಳಿದರೂ ಮುಖವನ್ನೇ ನೋಡುತ್ತ, ತಲೆಯಾಡಿಸುತ್ತ, "ಬರೋಬ್ಬರಿ, ಬರೋಬ್ಬರಿ" ಎನ್ನುತ್ತಿದ್ದರು. ಆ ದಾಖಲೆ ಮಾಡಿದ ತಿಂಗಳೊಪ್ಪತ್ತಿನಲ್ಲಿ, ಶ್ರಾವಣ ಇನ್ನೂ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ಅವರು ಹಾಸಿಗೆಯಿಂದ ಏಳಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿತು. ನಾನು ಮನೆ ಸೇರಿದೆ.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಬಿಸಿಲಿಗೆ ಕಿಟಕಿ ಮುಚ್ಚಿ, ಹಸಿ ಚಾದರ ಇಳಿಬಿಟ್ಟು ಕೋಣೆ ಕತ್ತಲಾಗಿತ್ತು. ಕರೆಂಟ್ ಹೋಯಿತು, ನಾನು ಊಟಕ್ಕೆ ಎದ್ದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ಫ್ಯಾನು ತಿರುಗಿತು, ಕಂಪ್ಯೂಟರ್ ತಾನಾಗಿ ಎದ್ದ ಸದ್ದು ಕೇಳಿತು. ನೀರು ತರಲು ಹೋದ ಸುವರ್ಣಾ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು.

"ರೀ, ಇಲ್ಲಿ ಬರ್ರಿ ಜರಾ."

"ಯಾಕ?"

"ಬಾಣ ಓಡಾಡಾಕತ್ತದ."

"ಮೌಸಿಗೆ ಏನರ ತಾಕಿರ್ತದ, ನೋಡು."

"ಮೌಸ್ ನನ್ನ ಕೈಯಾಗದ್ರಿ."

ಹೋಗಿ ನೋಡಿದೆ. ಕರೆಂಟ್ ಹೋದಾಗ ಮೇಜು ಒರೆಸಲು ಬಿಚ್ಚಿದ್ದ ಮೌಸನ್ನು ಅವಳು ಬಾಲ ಹಿಡಿದ ಇಲಿಯಂತೆ ತೂಗಾಡಿಸುತ್ತಿದ್ದಳು. ಪರದೆಯ ಮೇಲೆ ಬಾಣ ನಿಧಾನವಾಗಿ ಬಲಕ್ಕೆ ಸಾಗಿತು. ಒಂದು ಗುಂಡಿಯನ್ನು ದಾಟಿ ಹೋಯಿತು. ನಿಂತಿತು. ಹಿಂದೆ ಬಂತು. ಎರಡು ಸಲ ಅಲುಗಾಡಿತು. ಒತ್ತಿತು. ಖಾಲಿ ಹಾಳೆಯ ಕಿಟಕಿಯೊಂದು ತೆರೆದುಕೊಂಡಿತು. ಅದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಕೀಬೋರ್ಡಿನ ಮೇಲೆ ಯಾವ ಕೈಯೂ ಇರಲಿಲ್ಲ.

ಸುವರ್ಣಾ ಮದುವೆಗೆ ಮೊದಲು ಹುಮನಾಬಾದಿನಲ್ಲಿ ಅದೇ ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ ಕಲಿತವಳು. ಮದುವೆಯಾದ ಮೇಲೂ ತವರಿಗೆ ಹೋದಾಗಲೆಲ್ಲ ಅಲ್ಲಿ ಇಣುಕಿ ಬರುತ್ತಿದ್ದಳು. ಪಿಸುದನಿಯಲ್ಲಿ ಅವಳೆಂದಳು: "ಇದು ಮಾಸ್ತರ್ ಕೈರಿ."

ವೈಚಾರಿಕನಾದ ನಾನು ಆಗ ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಬೆನ್ನ ಹಿಂದೆ ಸರಿದು ನಿಂತೆ. ಬಾಣ ಪರದೆಯ ನಡುವೆ ಬಂದು ನಿಂತಿತು. ಪೂರ್ತಿ ನಿಲ್ಲಲಿಲ್ಲ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ, ಸಣ್ಣಗೆ ನಡುಗುತ್ತಿತ್ತು. ಯಾರೋ ಮೌಸಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತು ಉಸಿರಾಡುತ್ತಿರುವ ಹಾಗೆ. ಆ ಕತ್ತಲ ಕೋಣೆಯಲ್ಲಿ, ಫ್ಯಾನಿನ ಸದ್ದಿನ ಕೆಳಗೆ, ನಾವಿಬ್ಬರೂ ಎಷ್ಟೋ ಹೊತ್ತು ಆ ನಡುಕ ನೋಡುತ್ತ ನಿಂತೆವು.

ಆಮೇಲೆ ಬುದ್ಧಿ ನೆಟ್ಟಗಾಯಿತು. ಹಿಂದಿನ ವಾರ ನಾನೇ ಒಂದು ನಿಯಮ ಬರೆದಿದ್ದೆ: ಕಂಪೋಸಿಟರ್ ಎದ್ದಾಗ ಮೌಸ್ ಸಿಗದಿದ್ದರೆ ಮೂರನೆಯ ದಾಖಲೆಯಲ್ಲಿರುವ ಕೈಯನ್ನೇ ನಡೆಸು. ಕಡತಗಳಿಗೆ ಒಂದು, ಎರಡು, ಮೂರು ಎಂದು ಹೆಸರಿಟ್ಟಿದ್ದೆನೇ ಹೊರತು ಯಾವುದು ಯಾರ ಕೈ ಎಂಬುದು ಮರೆತುಹೋಗಿತ್ತು. ಇಷ್ಟೇ ಕಾರಣ. ಸುವರ್ಣಾಳಿಗೆ ವಿವರಿಸಿದೆ. ಅವಳು ಎಲ್ಲ ಕೇಳಿ, "ಅಂದ್ರ ಅವರ ಕೈನ ಆತಲ್ರಿ" ಎಂದಳು. ಅವಳು ಫೋನಿನಲ್ಲಿ ಯಾರಿಗೆ ಹೇಳಿದಳೋ, ಮರುದಿನ ಹನ್ನೊಂದರ ಬಸ್ಸಿಗೆ ಮಾಸ್ತರರ ಹೆಂಡತಿ ಕಾಶಮ್ಮ ಕಾಕು ಬಂದಿಳಿದರು.

ಕಾಕು ಕುರ್ಚಿಯ ಮೇಲೆ ಕೂರಲಿಲ್ಲ. ಸೆರಗು ಹೊದ್ದು ಮೇಜಿನ ಪಕ್ಕ ನಿಂತೇ ಪೂರ್ತಿ ನೋಡಿದರು. ಬಾಣ ನಿಂತು ನಡುಗುವ ಜಾಗ ಬಂದಾಗ ಪರದೆಯ ಹತ್ತಿರ ಮುಖ ತಂದರು. "ಬಲಗೈ ಹೀಂಗ ನಡಗತಿತ್ತಪ್ಪ ಅವರ್ದು" ಎಂದರು. ಅದು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಜಗನ್ನಾಥ, ಏನ ಬರದಾರ ಅದರಾಗ?"

ನನಗೆ ಗೊತ್ತಿರಲಿಲ್ಲ. ಚಿತ್ರಕ್ಕೆ ಚಿತ್ರ ತಾಳೆಯಾಯಿತೇ ಎಂದು ಯಂತ್ರದಿಂದಲೇ ಸಾವಿರ ಸಲ ಲೆಕ್ಕ ಹಾಕಿಸಿದ್ದೆ; ಕೈ ಏನು ಬರೆಯಿತೆಂದು ಒಮ್ಮೆಯೂ ನೋಡಿರಲಿಲ್ಲ. ಮಾಸ್ತರರು ಕನ್ನಡ ಟೈಪ್‌ರೈಟರಿನ ಕೀಲಿಗಳ ಲೆಕ್ಕದಲ್ಲೇ ಕಂಪ್ಯೂಟರಿನಲ್ಲೂ ಒತ್ತುತ್ತಿದ್ದರು. ಕಡತದಲ್ಲಿ ಉಳಿದದ್ದು ಕೀಲಿಗಳ ಜಾಗ ಮಾತ್ರ, ಅಕ್ಷರವಲ್ಲ. "ಟೈಪಿಂಗ್ ಪಾಠ ಏನರ ಇರ್ತದ, ಕಾಕು" ಎಂದೆ.

"ಇರಬಹುದು. ಆದ್ರ ನೋಡಪ್ಪ, ಅವರು ಹೋಗೋಕಿಂತ ಮುಂಚಿ ನಾಕು ತಿಂಗಳು ನನ್ನ ಕೂಡ ಮಾತು ಕಡಿಮಿ ಮಾಡಿದ್ರು. ನಾ ಒಂದು ಕೇಳಿದ್ರ ಇನ್ನೊಂದು ಹೇಳೋರು. ಇಲ್ಲಂದ್ರ ಸುಮ್ನ ಕುಂದ್ರೋರು. ಏನ ಸಿಟ್ಟಿತ್ತೋ, ನಾ ಏನ ತಪ್ಪು ಮಾಡಿದ್ನೋ, ಕೇಳಾಕ ಆಗಲಿಲ್ಲ. ಅದರಾಗ ಏನರ ಬರದಿದ್ರ..." ಎಂದು ನಿಲ್ಲಿಸಿದರು.

ಅದೇ ವಾರ ಪುಣೆಯಿಂದ ಈಮೇಲ್ ಬಂದಿತ್ತು: ಚಿತ್ರ, ಮೌಸು ಹೆಣೆದುಕೊಂಡಿದ್ದ ಹಳೆಯ ದಾರಿಯನ್ನು ತಿಂಗಳ ಕೊನೆಯೊಳಗೆ ಪೂರ್ತಿ ಕಿತ್ತುಹಾಕು. ಹಳೆಯ ದಾರಿ ಹೋದರೆ ಹಳೆಯ ದಾಖಲೆಗಳು ನಡೆಯುವುದಿಲ್ಲ. ನಾಲ್ಕೇ ದಿನ ಉಳಿದಿದ್ದವು. ಮಾರನೆಯ ದಿನ ಶಾಲೆಯ ಬೇಸಿಗೆ ತರಗತಿಗೆ ರಜೆ ಹಾಕಿ, ಹುಮನಾಬಾದಿನ ಬಸ್ ಹತ್ತಿ, ಕಾಕು ಅವರ ಮನೆಗೆ ಹೋದೆ. ಮಾಸ್ತರರ ಸ್ವಂತ ಕನ್ನಡ ಟೈಪ್‌ರೈಟರು ಅಟ್ಟದ ಕೆಳಗೆ ಗೋಣಿಚೀಲ ಹೊದ್ದು ಕೂತಿತ್ತು. ಕೀಲಿಗಳ ಮೇಲಿನ ಅಕ್ಷರಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಕಾಗದ ಸಿಕ್ಕಿಸಿ ಒಂದೊಂದೇ ಕೀಲಿ ಒತ್ತಿ ಯಾವುದರಿಂದ ಯಾವ ಅಕ್ಷರ ಬೀಳುತ್ತದೆಂದು ಬರೆದುಕೊಂಡೆ. ಪ್ರತಿ ಸಲ ಟಪ್ ಎಂದಾಗಲೂ ಒಳಗೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಕೊನೆಗೆ ಕಾಕು ಬಾಗಿಲಿಗೆ ಬಂದು, "ನಾಳಿ ಮಧ್ಯಾಹ್ನ ಬರ್ತೀನಿ. ಅಲ್ಲೀತನ ನೀನೂ ಓದಬ್ಯಾಡ" ಎಂದರು.

ಓದಲಿಲ್ಲ. ಕೀಲಿಗಳನ್ನು ಅಕ್ಷರಕ್ಕೆ ತಿರುಗಿಸುವ ಎರಡು ದಿನದ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸಿ, ಪರದೆಯ ಕಡೆ ಕಣ್ಣು ಹಾಯಿಸದೆ ಇಟ್ಟುಕೊಂಡೆ. ಮರುದಿನ ಮೂವರೂ ಕೂತೆವು. ಈ ಸಲ ಕಾಕು ಕುರ್ಚಿಯಲ್ಲಿ ಕೂತರು. ಮೌಸ್ ಬಿಚ್ಚಿ ಕಂಪ್ಯೂಟರ್ ಎಬ್ಬಿಸಿದೆ. ಬಾಣ ಹೊರಟಿತು, ಗುಂಡಿ ದಾಟಿತು, ಹಿಂದೆ ಬಂತು. ಹಾಳೆ ತೆರೆಯಿತು. ಕನ್ನಡ ಬೀಳತೊಡಗಿತು. ಓದು ಬಾರದ ಕಾಕು ಅವರಿಗೆ ಸುವರ್ಣಾ ಓದಿ ಹೇಳುತ್ತ ಹೋದಳು:

"ಜಗನ್ನಾಥ ಏನಾದರೂ ಟೈಪ್ ಮಾಡಿರಿ ಅಂದ ಹಾಗಾಯಿತು. ಏನು ಅಂದನೋ ಕೇಳಿಸಲಿಲ್ಲ. ಮೂರು ತಿಂಗಳಿಂದ ಎರಡೂ ಕಿವಿ ಕೇಳುವುದಿಲ್ಲ. ಈ ಮಷೀನುಗಳ ನಡುವೆ ಕೂತು ಕೂತು ಹೀಗಾಗಿದೆ. ಜಗನ್ನಾಥನಿಗೆ ಗೊತ್ತಾಗಿಲ್ಲ. ಅವನು ತಾನೇ ಮಾತಾಡುತ್ತಾನೆ, ಆದ್ದರಿಂದ ತೊಂದರೆ ಇಲ್ಲ."

ಸುವರ್ಣಾ ನನ್ನ ಕಡೆ ತಿರುಗಿ ನೋಡಿದಳು. ನಾನು ಫ್ಯಾನು ನೋಡಿದೆ. ಬೀದರ್ ಜಿಲ್ಲೆಯಲ್ಲಿ ನನ್ನನ್ನು ಅರ್ಥ ಮಾಡಿಕೊಂಡಿದ್ದ ಒಬ್ಬನೇ ಒಬ್ಬ ಮನುಷ್ಯ ಕಿವುಡನಾಗಿದ್ದ. ಕಡತ ಮುಂದುವರಿಯಿತು:

"ಮನೆಯಲ್ಲಿ ಹೇಳಿಲ್ಲ. ಕಾಶಿ ಮೊದಲೇ ಗಾಬರಿಯವಳು. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಒಲೆಯ ಕಡೆ ಮುಖ ಮಾಡಿ ಮಾತಾಡಿದರೆ ಏನೂ ತಿಳಿಯುವುದಿಲ್ಲ. ಸುಮ್ಮನೆ ಹೂಂ ಅನ್ನುತ್ತೇನೆ."

ಅಲ್ಲಿಗೆ ಅಕ್ಷರಗಳು ನಿಂತವು. ಬಾಣ ಹಾಳೆಯ ನಡುವೆ ಬಂದು ನಡುಗತೊಡಗಿತು. ಅದು ನಾಲ್ಕು ನಿಮಿಷ ಹಾಗೇ ಇರುತ್ತದೆಂದು ನನಗೆ ಗೊತ್ತಿತ್ತು. ಕಾಕು ಆ ನಡುಕವನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಆಮೇಲೆ ಪರದೆಯ ನೇರ ಎದುರಿಗೆ ಸರಿದು, ಬಾಯಿಯ ಮೇಲಿನ ಸೆರಗು ಸರಿಸಿ, ತುಟಿಗಳನ್ನು ದೊಡ್ಡದಾಗಿ ಆಡಿಸುತ್ತ ನಿಧಾನವಾಗಿ ಹೇಳಿದರು: "ಹೇಳ್ರಿ. ನಾ ಇಲ್ಲೇ ಕುಂತೀನಿ. ಯಾಕ ನಿಂತ್ರಿ?"

ಬಾಣ ಅಲುಗಾಡಿತು. ಅಕ್ಷರಗಳು ಬಿದ್ದವು: "ಹೇಳಿಬಿಡಬೇಕು. ದಸರೆ ಆದ ಮೇಲೆ ಹೇಳುತ್ತೇನೆ."

ಕಡತದಲ್ಲಿ ಆ ಹೊತ್ತಿಗೆ ಹಾಗೇ ಬರೆದಿತ್ತು; ಮಾಸ್ತರರು ಮಳೆಗಾಲದಲ್ಲೇ ಒತ್ತಿದ್ದ ಕೀಲಿಗಳು ಅವು. ಇದನ್ನು ನಾನು ಯಾರಿಗೆ ಬೇಕಾದರೂ ಅಂಕಿ ಸಮೇತ ತೋರಿಸಬಲ್ಲೆ. ಆದರೂ ಆ ಬಿಸಿಲಿನಲ್ಲಿ ನನ್ನ ಮುಂಗೈ ಕೂದಲು ನೆಟ್ಟಗೆ ನಿಂತಿದ್ದವು, ಸುವರ್ಣಾ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

ಕಾಕು ಅಳಲಿಲ್ಲ. "ಸಿಟ್ಟಲ್ಲ" ಎಂದರು. ಇನ್ನೊಮ್ಮೆ, "ಸಿಟ್ಟಲ್ಲಪ್ಪ. ನಾ ಒಲಿ ಕಡಿ ಮುಖ ಮಾಡೇ ಮಾತಾಡತಿದ್ದೆ." ಮತ್ತೆ ನಡೆಸಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು. "ಹೇಳೋದು ಹೇಳ್ಯಾರ. ಪದೇ ಪದೇ ಯಾಕ ಎಬ್ಬಸ್ತಿ? ತಗದುಬಿಡು." ಚಹಾ ಕುಡಿದು ನಾಲ್ಕರ ಬಸ್ಸಿಗೆ ಹೊರಟರು. ಬಸ್ಸಿನ ಕಿಟಕಿಯಿಂದ ಸುವರ್ಣಾಳಿಗೆ ಏನೋ ಹೇಳಿ ನಕ್ಕರು. ಏನೆಂದು ಕೇಳಿದರೆ ಅವಳು ಇವತ್ತಿಗೂ ಹೇಳಿಲ್ಲ.

ತಿಂಗಳ ಕೊನೆಯ ದಿನ ಹಳೆಯ ದಾರಿಯನ್ನು ಕಿತ್ತುಹಾಕಿದೆ. ಪುಣೆಯವನು ಒಂದೇ ಸಾಲು ಬರೆದ: ಚೆನ್ನಾಗಿದೆ, ಏನೂ ಬದಲಾದಂತಿಲ್ಲ. ಹೊಸ ದಾರಿಯ ಪರೀಕ್ಷೆಗೆ ಹೊಸ ಕೈ ಬೇಕಾಗಿತ್ತು. ಯಾರನ್ನೂ ಕೇಳುವ ಧೈರ್ಯ ಬರದೆ ನನ್ನದೇ ಒಂದು ಮಧ್ಯಾಹ್ನದ ಕೆಲಸವನ್ನು ದಾಖಲೆ ಮಾಡಿದೆ. ಮೌಸ್ ಬಿಚ್ಚಿ, ನಡೆಸಿ, ಸುವರ್ಣಾಳನ್ನು ಕರೆದೆ. ಬಾಣ ಭರ್ರನೆ ಹೊರಟು ಒಂದು ಕಿಟಕಿ ತೆರೆಯಿತು, ಮುಚ್ಚಿತು, ಅದನ್ನೇ ಮತ್ತೆ ತೆರೆಯಿತು. ಒಂದು ಸಾಲು ಬರೆದು ಅಳಿಸಿತು. ಸುಮ್ಮನೆ ಸುತ್ತು ಹಾಕಿತು. ಅರ್ಧ ಗಂಟೆಯಾದರೂ ಪರದೆ ಮೊದಲು ಹೇಗಿತ್ತೋ ಹಾಗೇ ಇತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಲೇ ಇದ್ದಳು.

"ಈ ದೆವ್ವ ಯಾರದ್ರಿ?"

"ಯಾರದೋ, ಗೊತ್ತಿಲ್ಲ" ಎಂದೆ.

"ಪಾಪ" ಎಂದಳು ಅವಳು. "ಬದುಕಿದ್ದಾಗೂ ಇದಕ್ಕ ಕೆಲಸ ಇರಲಿಲ್ಲ ಕಾಣಸ್ತದ."

ನಾನು ಮೌಸಿನ ವೈರು ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ತುರ್ತು ಕೆಲಸವಿರುವವನಂತೆ ಪರದೆಯ ಕಡೆಗೆ ಬಾಗಿದೆ.