ಪಾದ್ರಿಗಳ ಕಂಬಳಿ ಸೇವೆ

"ಇನ್ನು ಮೇಲೆ ನಾನೇ ಮಾತಾಡ್ತೀನಿ. ನೀನು ಬಾಯಿ ಬಿಡಬೇಡ," ಎಂದು ಚಿಕ್ಕ ಪಾದ್ರಿಗಳು ಶುಕ್ರವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಹೆಂಡತಿಗೆ ಘೋಷಿಸಿದರು.

ಸುವಾರ್ತೆ ಸಾರಲೆಂದು ಗಂಡಹೆಂಡತಿ ಆ ಪರದೇಶದ ನಗರಕ್ಕೆ ಬಂದು ಒಂದು ಚಳಿಗಾಲ ಕಳೆದಿತ್ತು. ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ ಮನೆ. ಮನೆಯ ಹಜಾರವೇ ಪ್ರಾರ್ಥನಾಲಯ. ಸಭಿಕರೆಂದರೆ ಎದುರು ಮನೆಯ ಅಜ್ಜಿ ಒಬ್ಬರೇ. ಅವರಿಗೂ ಕಿವಿ ಕೇಳದು. ಹೀಟರ್ ಪಕ್ಕ ಕೂತು ಸುಖವಾಗಿ ನಿದ್ದೆ ಮಾಡಿ ಎದ್ದು ಹೋಗುತ್ತಿದ್ದರು. ಈ ಸುದ್ದಿ ಮುಟ್ಟಿ, ಇವರನ್ನು ಇಲ್ಲಿಗೆ ಕಳಿಸಿದ್ದ ದೊಡ್ಡ ಪಾದ್ರಿಗಳು ಈ ಭಾನುವಾರ ಖುದ್ದಾಗಿ ಬರುತ್ತೇನೆಂದು ಫೋನು ಮಾಡಿದ್ದರು. ಜನ ಕಾಣದಿದ್ದರೆ ಗಂಟುಮೂಟೆ ಕಟ್ಟಿಸುವುದು ಖಂಡಿತ ಎಂಬುದು ಅವರ ದನಿಯಲ್ಲೇ ಇತ್ತು.

"ನಾನೂ ಜೊತೆಗೆ ಬರ್ತೀನಿ ರೀ. ಮಾರ್ಕೆಟ್ಟಲ್ಲಿ ಮಾತಾಡಿ ನಂಗೆ ಸ್ವಲ್ಪ ರೂಢಿಯಾಗಿದೆ."

"ಬದನೆಕಾಯಿ ಚೌಕಾಸಿ ಮಾಡೋ ಭಾಷೆ ಬೇರೆ, ಸುವಾರ್ತೆಯ ಭಾಷೆ ಬೇರೆ."

"ಬದನೆಕಾಯಿಯಾದ್ರೂ ಮನೆಗೆ ಬರುತ್ತಲ್ಲ!"

ಪಾದ್ರಿಗಳು ಇದನ್ನು ಕ್ಷಮಿಸಿ ಹೊರಟರು. ಅಲ್ಲಿನ ಭಾಷೆಯಲ್ಲಿ ರಾತ್ರಿಯೆಲ್ಲ ಉರು ಹೊಡೆದಿದ್ದ ಮಾತನ್ನು ಕಟ್ಟಡದ ಪ್ರತಿ ಬಾಗಿಲಲ್ಲೂ ಒಪ್ಪಿಸಿದರು: "ಭಾನುವಾರ ನಮ್ಮ ಮನೆಗೆ ಬನ್ನಿ. ನಿಮ್ಮ ಮನಸ್ಸಿನ ಕೊಳೆಯನ್ನು ತೊಳೆದುಕೊಡುತ್ತೇವೆ."

ಏನು ಪರಿಣಾಮ! ಮುಖದ ಮೇಲೆ ಕದ ಹಾಕುತ್ತಿದ್ದವರ ಮುಖ ಅರಳಿತು. ಒಬ್ಬಾಕೆ ಇವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. "ಮನೆಯವರದ್ದೆಲ್ಲ ತರಬಹುದಾ?" ಎಂದು ಟ್ಯಾಕ್ಸಿ ಡ್ರೈವರ್ ಸಂಕೋಚದಿಂದ ಕೇಳಿದ.

"ಎಲ್ಲರದ್ದೂ ತನ್ನಿ! ಎಷ್ಟೇ ಕೊಳೆಯಿದ್ದರೂ ಚಿಂತೆಯಿಲ್ಲ," ಎಂದರು ಪಾದ್ರಿಗಳು.

ಭಾನುವಾರ ಬಾಗಿಲು ತೆರೆದರೆ ಮೆಟ್ಟಿಲುಗಳುದ್ದಕ್ಕೂ ಜನ. ಪ್ರತಿಯೊಬ್ಬರ ಹೆಗಲ ಮೇಲೂ ಒಂದೊಂದು ಕಂಬಳಿ. ಡ್ರೈವರ್ ನಾಲ್ಕು ಹೊತ್ತಿದ್ದ.

ಹೆಂಡತಿ ಮುಂದಿದ್ದಾಕೆಯ ಹತ್ತಿರ ಎರಡು ಮಾತಾಡಿ ವಾಪಸ್ಸು ಬಂದಳು. "ರೀ, ಇವರ ಭಾಷೇಲಿ 'ಮನಸ್ಸು' ಅನ್ನೋದನ್ನ ಎಳೆದು ಹೇಳಬೇಕು. ಎಳೀದಿದ್ರೆ ಕಂಬಳಿ ಅಂತ ಅರ್ಥ."

"ಎಲ್ಲಾದ್ರೂ ಉಂಟೇ! ತಪ್ಪಾಯ್ತು ಅಂತ ಹೇಳಿ ಕಳಿಸಿಬಿಡು."

"ನಾನು ಬಾಯಿ ಬಿಡಬಾರದಲ್ಲ."

ಪಾದ್ರಿಗಳು ಯೋಚಿಸಿದರು. ಇವರನ್ನು ಕಳಿಸಿದರೆ ದೊಡ್ಡ ಪಾದ್ರಿಗಳಿಗೆ ತೋರಿಸಲು ನಿದ್ದೆಯ ಅಜ್ಜಿ ಮಾತ್ರ. ಪ್ಯಾಂಟು ಮಡಚಿ ಬಚ್ಚಲ ತೊಟ್ಟಿಗೆ ಇಳಿದೇಬಿಟ್ಟರು.

ನೀರು ಕುಡಿದ ಕಂಬಳಿ ಕಂಬಳಿಯಲ್ಲ, ಎಮ್ಮೆಕರು. ಎತ್ತಿದರೆ ಏಳದು, ಹಿಂಡಿದರೆ ಬಗ್ಗದು. ಅವಸರದಲ್ಲಿ ಸೋಪಿನ ಪುಡಿಯ ಪೊಟ್ಟಣವನ್ನೇ ಸುರಿದದ್ದರಿಂದ ನೊರೆ ಬಚ್ಚಲು ದಾಟಿ ಹಜಾರಕ್ಕೂ ಬಂತು. ಬೆಂಚಿನ ಮೇಲಿದ್ದವರು ಗಂಭೀರವಾಗಿ ಕಾಲು ಮೇಲೆತ್ತಿ ಕೂತರು. ಕೆಳಮನೆಯ ದರ್ಜಿ ಕೊಡೆ ಹಿಡಿದು ಮೇಲೆ ಬಂದ.

"ನಮ್ಮನೆ ಒಳಗೆ ಮಳೆ ಬರ್ತಿದೆ!"

ಬಚ್ಚಲಿಗೆ ಇಣುಕಿದ. ಕೊಡೆ ಮಡಚಿದ. ಕೆಳಗೆ ಹೋಗಿ ತನ್ನದೂ ಒಂದು ಕಂಬಳಿ ತಂದ.

ಅವನ ಹಿಂದೆಯೇ ದೊಡ್ಡ ಪಾದ್ರಿಗಳು ಬಂದರು. ತುಂಬಿದ ಸಭೆ ನೋಡಿದರು, ನೊರೆ ನೋಡಿದರು, ಮೊಣಕಾಲುವರೆಗೆ ನೆನೆದ ಶಿಷ್ಯನನ್ನೂ ನೋಡಿದರು.

"ಪಾದ ತೊಳೆಯೋ ಸೇವೆಯೇನಪ್ಪಾ?"

"ಕಂಬಳಿ, ಅಯ್ಯನವರೇ."

ನಡೆದದ್ದನ್ನು ಕೇಳಿ ಅವರು ನಗಲಿಲ್ಲ, ಬೈಯಲೂ ಇಲ್ಲ. ಆ ಭಾಷೆ ಅವರಿಗೆ ನೀರು ಕುಡಿದಷ್ಟು ಸಲೀಸು. ಬೈಬಲ್ ತೆರೆದು ಬೋಧನೆ ಶುರುಮಾಡಿದರು. ಬಾಲ್ಕನಿಯಲ್ಲಿ ಕಂಬಳಿಗಳು ಒಣಗುತ್ತಿರಲಿಲ್ಲ. ಅವನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಅಷ್ಟು ದೀರ್ಘ ಬೋಧನೆಯನ್ನು ಅಷ್ಟು ಜನ ಅಲ್ಲಾಡದೆ ಕೇಳಿದ್ದು ಆ ಹಜಾರದಲ್ಲಿ ಅದೇ ಮೊದಲು.

ಕೊನೆಗೆ ದೊಡ್ಡ ಪಾದ್ರಿಗಳು ಸಭೆಯನ್ನೇ ಕೇಳಿದರು: "ಈ ಹುಡುಗ ಇಲ್ಲೇ ಇರಲೋ, ವಾಪಸ್ಸು ಕರೆಸಿಕೊಳ್ಳಲೋ?"

ಎಲ್ಲರೂ ಒಟ್ಟಿಗೆ ಎದ್ದು ನಿಂತು ಮಾತಾಡತೊಡಗಿದರು. ದರ್ಜಿಯಂತೂ ಕೈಮುಗಿದ. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಚಿಕ್ಕ ಪಾದ್ರಿಗಳಿಗೆ ಆ ರಭಸದಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಕಣ್ಣು ತುಂಬಿ ಬಂತು.

"ಏನಂತೆ ಅಯ್ಯನವರೇ?"

"ನೀನು ಇಲ್ಲೇ ಇರಬೇಕಂತಪ್ಪಾ," ಎಂದರು ದೊಡ್ಡ ಪಾದ್ರಿಗಳು. "ಬೋಧನೆಗೆ ಬೇರೆ ಯಾರನ್ನಾದ್ರೂ ಕಳಿಸಬೇಕಂತೆ."