ತಡವಾದ ವಿಮಾನದ ಸಂತೋಷಕ್ಕೆ ಪರಿಹಾರ

ದೂರು ಕೊಡುವುದಕ್ಕೂ ಒಂದು ಹುಟ್ಟುಗುಣ ಬೇಕು. ನನಗೆ ಅದಿಲ್ಲ. ಹೋಟೆಲಿನಲ್ಲಿ ನಾನು ಹೇಳಿದ್ದು ಬಿಟ್ಟು ಪಕ್ಕದ ಟೇಬಲ್ಲಿನವರದ್ದನ್ನು ತಂದಿಟ್ಟರೆ, ಇವತ್ತು ಹಣೆಯಲ್ಲಿ ಇದೇ ಬರೆದಿತ್ತು ಅಂದುಕೊಂಡು ತಿಂದು ಎದ್ದು ಬರುತ್ತೇನೆ. ಡಬ್ಲಿನ್ ಪಕ್ಕದ ನಮ್ಮೂರು ಲೀಕ್ಸ್‌ಲಿಪ್‌ನಲ್ಲಿ ನಾನು ಹೋಗುವ ಕಟಿಂಗ್ ಶಾಪಿನಾತ ಒಮ್ಮೆ ಮಾತಿನ ಭರದಲ್ಲಿ ಎಡಗಿವಿಯ ಪಕ್ಕದ ಕೂದಲನ್ನು ಪೂರ್ತಿ ಹಾರಿಸಿಬಿಟ್ಟ. ಕನ್ನಡಿ ಹಿಡಿದು ಹೇಗಿದೆ ಎಂದು ಕೇಳಿದ. “ಗ್ರ್ಯಾಂಡ್” ಎಂದೆ. ಐರ್ಲೆಂಡಿನಲ್ಲಿ ಕೆಲವು ವರ್ಷ ಇದ್ದರೆ ಈ ಪದ ತಾನಾಗಿಯೇ ಬಾಯಿಂದ ಉದುರುತ್ತದೆ. ಮಳೆ ಬಂದರೂ ಗ್ರ್ಯಾಂಡ್, ನಿಂತರೂ ಗ್ರ್ಯಾಂಡ್, ಕಾಲು ಮುರಿದುಕೊಂಡು ಮಲಗಿದವನನ್ನು ಕೇಳಿದರೂ ಗ್ರ್ಯಾಂಡ್. ಆತನಿಗೆ ಟಿಪ್ಸು ಕೊಟ್ಟು ಮನೆಗೆ ಬಂದು, ಬಲಗಡೆಯದ್ದನ್ನು ನಾನೇ ಬೋಳಿಸಿ ಸಮ ಮಾಡಿಕೊಂಡೆ. ನನ್ನ ಹೆಂಡತಿ ವಿನುತ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. “ರೀ, ಅಪೆಂಡಿಕ್ಸ್ ಅಂತ ಹೋಗಿ ಟಾನ್ಸಿಲ್ ತೆಗೆಸಿಕೊಂಡ್ರೂ ನೀವು ಥ್ಯಾಂಕ್ಸ್ ಹೇಳಿ ಬರೋ ಪೈಕಿ” ಎನ್ನುತ್ತಾಳೆ. ನಿಜ ಇರಬಹುದು. ಅವರೂ ಪಾಪ ಕಷ್ಟಪಟ್ಟು ತೆಗೆದಿರುತ್ತಾರಲ್ಲ.

ಇಂಥ ನಾನು ಒಂದು ವಿಮಾನ ಕಂಪನಿಯ ಮೇಲೆ ದೂರು ಕೊಟ್ಟು ಗೆದ್ದೆ ಎಂದರೆ ನನ್ನ ಅಣ್ಣತಮ್ಮಂದಿರೇ ನಂಬುವುದಿಲ್ಲ. ಕಂಪನಿಯ ಹೆಸರು ಬೇಡ, ಈಗ ನಮ್ಮ ನಡುವೆ ಸ್ನೇಹವಿದೆ.

ಕಳೆದ ಬೇಸಿಗೆಯಲ್ಲಿ ವಿನುತಳ ತಾಯಿ, ಅಂದರೆ ನಮ್ಮತ್ತೆ, ಮೈಸೂರಿನಿಂದ ಬಂದಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಬಂದ ಲಾಗಾಯ್ತು ಜಿಟಿಜಿಟಿ ಮಳೆ ನೋಡಿ, “ಇದನ್ನ ಬೇಸಿಗೆ ಅಂತ ಯಾರು ಹೇಳಿದ್ದು ಇವರೇ?” ಎಂದು ನನ್ನನ್ನೇ ಹೊಣೆ ಮಾಡಿದರು. ಅವರಿಗೆ ಬಿಸಿಲು ತೋರಿಸಲೆಂದು ಪೋರ್ಚುಗಲ್ಲಿನ ಒಂದು ಕಡಲತೀರದ ಊರಿಗೆ ಹೋದೆವು. ನಾನು, ವಿನುತ, ನಮ್ಮತ್ತೆ, ನಮ್ಮ ಎಂಟು ವರ್ಷದ ಮಗಳು ಇಂಚರ. ಬಿಸಿಲೇನೋ ಧಾರಾಳವಾಗಿ ಸಿಕ್ಕಿತು. ತೊಂದರೆಯಾದದ್ದು ವಾಪಸ್ ಬರುವಾಗ. ಚೆಕ್-ಇನ್ ಎಲ್ಲ ಮುಗಿದು ಗೇಟಿನ ಮುಂದೆ ಕೂತಿದ್ದೇವೆ, ವಿಮಾನವೂ ಕಣ್ಣೆದುರಿಗೇ ನಿಂತಿದೆ, ಬೋರ್ಡಿನ ಮೇಲೆ ಮಾತ್ರ ‘ವಿಳಂಬ’ ಎಂಬ ಪದ ಮಿನುಗುತ್ತಿದೆ.

ಸ್ವಲ್ಪ ಹೊತ್ತಿಗೆ ಪೈಲಟ್ ಸ್ವತಃ ಹೊರಗೆ ಬಂದ. ಕೆಂಪು ಮುಖದ, ದೊಡ್ಡ ಹೊಟ್ಟೆಯ ಐರಿಷ್ ಮನುಷ್ಯ. ಮೈಕು ತೆಗೆದುಕೊಂಡು ಹೇಳಿದ: “ನೋಡಿ ಜನರೇ, ನಿಮ್ಮ ಹತ್ರ ನಾನ್ಯಾಕೆ ಸುಳ್ಳು ಹೇಳಲಿ. ಪ್ಲೇನ್ ಗ್ರ್ಯಾಂಡ್, ಹವಾ ಗ್ರ್ಯಾಂಡ್, ನಾನೂ ಗ್ರ್ಯಾಂಡ್. ನಮ್ಮ ಸಿಬ್ಬಂದಿಯ ಹುಡುಗನೊಬ್ಬ ನಿನ್ನೆ ಸಿಗಡಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆ. ಅವನು ಬಾತ್‌ರೂಮಿನಿಂದ ಈಚೆ ಬರುವ ಲಕ್ಷಣ ಕಾಣ್ತಿಲ್ಲ. ಬದಲಿಗೆ ಇನ್ನೊಬ್ಬರನ್ನ ಕಳಿಸ್ತಿದ್ದಾರೆ. ಅಲ್ಲಿವರೆಗೂ ಕಾಯಬೇಕು.” ಜನ ಗೊಣಗಿದರು. ನಾನು ಮಾತ್ರ ಆ ಹುಡುಗನಿಗೆ ಮಜ್ಜಿಗೆ ಕೊಟ್ಟರೆ ಒಳ್ಳೆಯದು ಎಂದು ಯೋಚಿಸುತ್ತಿದ್ದೆ.

ಆ ಮೇಲಿನ ಕೆಲವು ಗಂಟೆಗಳನ್ನು ಹೇಗೆ ಹೇಳಲಿ? ನಮ್ಮತ್ತೆಯ ಪಕ್ಕದಲ್ಲಿ ನೋರೀನ್ ಎಂಬ ಹಿರಿಯ ಹೆಂಗಸು ಕೂತಿದ್ದರು. ಐರ್ಲೆಂಡಿನದೇ ಡನ್‌ಡಾಕ್ ಎಂಬ ಊರಿನವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಊರೂರು ತಿರುಗುವ ಅಭ್ಯಾಸ. ಅವರ ಇಂಗ್ಲಿಷ್ ನಮ್ಮತ್ತೆಗೆ ಅರ್ಧ ತಿಳಿಯುತ್ತಿರಲಿಲ್ಲ, ನಮ್ಮತ್ತೆಯದು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಇಬ್ಬರೂ ನಿಲ್ಲಿಸದೆ ಮಾತಾಡುತ್ತಿದ್ದುದರಿಂದ ಅದರಿಂದೇನೂ ತೊಂದರೆಯಾಗಲಿಲ್ಲ. ನಮ್ಮತ್ತೆ ಚೀಲದಿಂದ ಕೋಡುಬಳೆ ತೆಗೆದು ಕೊಟ್ಟರು. ನೋರೀನ್ ಒಂದು ಕಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, “ಲವ್ಲಿ” ಎಂದು ಹೇಳಿ ನನ್ನ ಕೈಲಿದ್ದ ನೀರಿನ ಬಾಟಲಿ ಕಿತ್ತುಕೊಂಡರು. ಪ್ರತಿಯಾಗಿ ಅವರು ಕೊಟ್ಟದ್ದು ಒಂದು ಪೊಟ್ಟಣ ಪಿಸ್ತಾ.

ಅಷ್ಟರಲ್ಲಿ ಇಂಚರಳ ಟ್ಯಾಬ್ಲೆಟ್ಟಿನ ಚಾರ್ಜು ಮುಗಿಯಿತು. ಚಾರ್ಜರು ಸೂಟ್‌ಕೇಸಿನಲ್ಲಿ, ಸೂಟ್‌ಕೇಸು ವಿಮಾನದ ಹೊಟ್ಟೆಯಲ್ಲಿ. ನಮ್ಮ ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಅಪ್ಪಟ ಐರಿಷ್ ಇಂಗ್ಲಿಷಿನಲ್ಲಿ. ಬಂದಾಗಿನಿಂದ ನಮ್ಮತ್ತೆ ಆ ಕೊರಗಿನಲ್ಲೇ ಇದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಮೊಮ್ಮಗಳ ಸಪ್ಪೆ ಮುಖ ನೋಡಿ ಅವರು ಪಿಸ್ತಾದ ಸಿಪ್ಪೆಗಳನ್ನು ಅಂಗೈಯಲ್ಲಿ ಕುಲುಕಿದರು. “ಇಂಚರ, ಇಲ್ಲಿ ನೋಡು, ಕವಡೆ!” ತಿಂಡಿ ಅಂಗಡಿಯ ಟ್ರೇ ಮೇಲಿನ ಕಾಗದದಲ್ಲಿ ಚೌಕಾಬಾರದ ಮನೆ ಬರೆದರು. ಸಕ್ಕರೆ ಪೊಟ್ಟಣ, ಉಪ್ಪಿನ ಪೊಟ್ಟಣ, ಕಾಫಿ ಕಲಕುವ ಕಡ್ಡಿಯ ತುಂಡು, ಇವೇ ಕಾಯಿಗಳು. ಮೊದಲು ಅಜ್ಜಿ ಮೊಮ್ಮಗಳು, ಆಮೇಲೆ ನೋರೀನ್, ಆಮೇಲೆ ವಿನುತ. ಸುತ್ತ ಜನ ಸೇರಿದರು. ನಾಲ್ಕು ಸಿಪ್ಪೆಯೂ ಬೋರಲು ಬಿದ್ದಾಗಲೆಲ್ಲ ನೋರೀನ್ “ಬಾರಾ!” ಎಂದು ಇಡೀ ಏರ್‌ಪೋರ್ಟಿಗೆ ಕೇಳುವಂತೆ ಕೂಗುತ್ತಿದ್ದರು. ಇದ್ದಕ್ಕಿದ್ದಂತೆ ನಮ್ಮ ಮಗಳ ದನಿ ಅಚ್ಚ ಕನ್ನಡದಲ್ಲಿ ಕೇಳಿಸಿತು: “ಅಜ್ಜೀ, ನಿಮ್ಮ ಕಾಯಿ ಹೊಡ್ದೆ! ಮನೆಗೆ ಹೋಗಿ, ಮನೆಗೆ ಹೋಗಿ!”

ನಮ್ಮತ್ತೆ ಸೋತ ಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಮೊಮ್ಮಗಳ ಕೆನ್ನೆ ಸವರಿದರು. ವಿನುತ ನನ್ನನ್ನು ನೋಡಿದಳು. ನಾನು ಏನೂ ಆಗದವನಂತೆ ವಿಮಾನದ ಕಡೆ ನೋಡಿದೆ. ಆ ಹುಡುಗನ ಹೊಟ್ಟೆ ಇನ್ನಷ್ಟು ಹೊತ್ತು ಹಾಗೇ ಇರಲಿ ಎನ್ನಿಸಿದ್ದು ತಪ್ಪೇ ಸರಿ. ಮಜ್ಜಿಗೆಯ ವಿಚಾರವನ್ನು ಆಗ ಮನಸ್ಸಿನಲ್ಲೇ ವಾಪಸ್ ತಗೊಂಡೆ. ಕೊನೆಗೆ ಬೋರ್ಡಿಂಗ್ ಕರೆ ಬಂದಾಗ, ಆಟ ಮುಗಿಯದೆ ಏಳುವುದಿಲ್ಲ ಎಂದು ಹಟ ಹಿಡಿದವರು ನೋರೀನ್.

ಡಬ್ಲಿನ್ನಿಗೆ ಬಂದ ಮಾರನೇ ದಿನ ವಿನುತ ಹೇಳಿದಳು: “ರೀ, ಯೂರೋಪಿನ ಕಾನೂನು ಇದೆ. ಮೂರು ಗಂಟೆಗಿಂತ ಹೆಚ್ಚು ತಡವಾಗಿ ತಲುಪಿಸಿದ್ರೆ ತಲೆಗಿಷ್ಟು ಅಂತ ಪರಿಹಾರ ಕೊಡಲೇಬೇಕು. ನಾವು ಮೂರು ದಾಟಿದ್ದೀವಿ. ಬರೀರಿ.”

“ನಮಗೇನು ಕಷ್ಟ ಆಯ್ತು? ಚೆನ್ನಾಗೇ ಇತ್ತಲ್ಲ” ಎಂದೆ.

“ಚೆನ್ನಾಗಿತ್ತು ಅಂತ ಬರೀಬೇಡಿ ಮತ್ತೆ!”

ಬರೆಯಲು ಕೂತೆ. ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಹೊರತು ಬೇರೆ ಶೈಲಿ ನನಗೆ ಬರುವುದಿಲ್ಲ. ಮಾನ್ಯರ ಅಮೂಲ್ಯ ಸಮಯವನ್ನು ವ್ಯರ್ಥ ಮಾಡುತ್ತಿರುವುದಕ್ಕೆ ಕ್ಷಮೆ ಕೋರಿ, ವಿಮಾನ ತಡವಾದದ್ದಕ್ಕೆ ನಾನೇ ವಿಷಾದಿಸಿ, ಸಿಬ್ಬಂದಿಯ ಹೊಟ್ಟೆ ಈಗ ಸುಧಾರಿಸಿರಬಹುದೆಂದು ಆಶಿಸಿ, ಸಾಧ್ಯವಾದಲ್ಲಿ, ತಮಗೆ ಅನಾನುಕೂಲವಾಗದಿದ್ದಲ್ಲಿ, ಪರಿಹಾರದ ವಿಷಯವನ್ನು ದಯವಿಟ್ಟು ಪರಿಶೀಲಿಸಬೇಕಾಗಿ ಕೇಳಿಕೊಂಡೆ. ಓದಿದ ವಿನುತ, “ಇದು ದೂರೋ, ಮದುವೆ ಕರೆಯೋಲೆನೋ?” ಎಂದಳು. ಅಷ್ಟರಲ್ಲಿ ಕಳಿಸಿಯಾಗಿತ್ತು.

ಉತ್ತರ ಬಂತು. ಪ್ರತಿಕೂಲ ಹವಾಮಾನದಿಂದ ವಿಳಂಬವಾದ್ದರಿಂದ ಪರಿಹಾರ ಸಲ್ಲದು ಎಂದಿತ್ತು. ನಾನು ತಕ್ಷಣ ಒಪ್ಪಿಕೊಂಡೆ. ಅಷ್ಟು ದೊಡ್ಡ ಕಂಪನಿ, ಮೇಲೆ ಎಲ್ಲೋ ಹವಾಮಾನ ಇದ್ದಿರಬೇಕು. ನಮ್ಮತ್ತೆ ಕೆರಳಿದರು. “ಎಲ್ಲಿತ್ತು ಇವರೇ ಮೋಡ? ಮೂವತ್ತು ವರ್ಷ ಮೋಡದ ಪಾಠ ಮಾಡಿದೀನಿ ನಾನು. ಒಂದು ತುಣುಕಿರಲಿಲ್ಲ ಆಕಾಶದಲ್ಲಿ!” ಎಂದವರೇ ನೋರೀನ್‌ಗೆ ಫೋನು ಹಚ್ಚಿದರು. ಇಬ್ಬರೂ ದಿನಾ ವಾಟ್ಸಾಪಿನಲ್ಲಿ ಹೂವಿನ ಚಿತ್ರಗಳನ್ನು ಕಳಿಸಿಕೊಳ್ಳುತ್ತಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ನೋರೀನ್‌ಗೆ ಹಣ ಬಂದು, ಅದರಲ್ಲಿ ಅವರು ಹೊಸ ಕೋಟನ್ನೂ ಕೊಂಡಾಗಿತ್ತು. ಅದೇ ವಿಮಾನ, ಅದೇ ದಿನ, ಅದೇ ಸಿಗಡಿ. “ಭಾನುವಾರ ಅಳಿಯನನ್ನ ಇಲ್ಲಿಗೆ ಕರ್ಕೊಂಡು ಬಾ” ಎಂದು ಅಪ್ಪಣೆಯಾಯಿತು.

ಡನ್‌ಡಾಕ್‌ನ ಅವರ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ, ಟೀ ಕೊಟ್ಟು, ಕನ್ನಡಕ ಹಾಕಿಕೊಂಡು ನನ್ನ ಪತ್ರ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

“ಯಾರ ಹತ್ರ ಇಷ್ಟೊಂದು ಸಾರಿ ಕೇಳಿದೀಯ ಮಗೂ? ಪ್ಲೇನ್ ನೀನು ನಿಲ್ಲಿಸಿದ್ಯಾ?”

“ಇಲ್ಲ.”

“ಸಿಗಡಿ ನೀನು ಬೇಯಿಸಿದ್ಯಾ?”

“ನಾವು ಸಸ್ಯಾಹಾರಿಗಳು” ಎಂದರು ನಮ್ಮತ್ತೆ, ಪಕ್ಕದಿಂದ.

“ಮತ್ಯಾಕೆ ಸಾರಿ? ಹೊಡಿ ಕಾಟು. ದಯವಿಟ್ಟು ಯಾಕೆ? ಹೊಡಿ. ನೀನು ಕೇಳ್ತಿರೋದು ದಾನ ಅಲ್ಲ, ನಿನ್ನ ಹಕ್ಕು.” ಪೆನ್ನು ಅವರ ಕೈಯಲ್ಲಿ, ನಮ್ಮತ್ತೆ ಬೆರಳಿಟ್ಟು ಇನ್ನೂ ಉಳಿದಿದ್ದ ವಿನಯವನ್ನು ತೋರಿಸುತ್ತಿದ್ದರು. ಇಬ್ಬರು ಮುದುಕಿಯರು ಸೇರಿ ನನ್ನ ಇಡೀ ಸಂಸ್ಕಾರವನ್ನು ಹೊಡೆದುಹಾಕಿದ ಮೇಲೆ ಪತ್ರದಲ್ಲಿ ಉಳಿದದ್ದು ನಾಲ್ಕೇ ಸಾಲು: ಹವಾಮಾನ ಸ್ವಚ್ಛವಾಗಿತ್ತು. ನಿಜವಾದ ಕಾರಣವನ್ನು ನಿಮ್ಮ ಪೈಲಟ್ಟೇ ಎಲ್ಲರೆದುರು ಹೇಳಿದ್ದಾರೆ. ಇದೇ ವಿಮಾನದವರಿಗೆ ನೀವು ಹಣ ಕೊಟ್ಟಿದ್ದೀರಿ. ನಮಗೂ ಕೊಡಿ, ಇಲ್ಲದಿದ್ದರೆ ಮೇಲಿನವರಿಗೆ ದೂರು ಹೋಗುತ್ತದೆ. ಓದಿ ನನಗೇ ಭಯವಾಯಿತು. ಮನೆಗೆ ಬಂದು ಕಳಿಸುವ ಮುಂಚೆ, ಯಾರಿಗೂ ಹೇಳದೆ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ತಾವೆಲ್ಲ ಕ್ಷೇಮವೆಂದು ಭಾವಿಸುತ್ತೇನೆ.’

ಕಂಪನಿ ಕ್ಷಮೆ ಕೇಳಿತು, ಹಣ ಹಾಕಿತು. ಪತ್ರದ ಅಡಿಯಲ್ಲಿ ಯಾರೋ ಪುಣ್ಯಾತ್ಮರು, ‘ನಾವೆಲ್ಲ ಕ್ಷೇಮ, ಕೇಳಿದ್ದಕ್ಕೆ ಧನ್ಯವಾದ’ ಎಂದು ಸೇರಿಸಿದ್ದರು. ಹಣಕ್ಕಿಂತ ಅದನ್ನೇ ನಾನು ಹೆಚ್ಚು ಸಲ ಓದಿದೆ. ನಮ್ಮತ್ತೆ ತಮ್ಮ ಟಿಕೆಟ್ಟಿನ ಪಾಲನ್ನು ಕೇಳಿ ಪಡೆದು, ನೋರೀನ್ ಜೊತೆ ಬಸ್ಸಿನಲ್ಲಿ ಗಾಲ್‌ವೇಗೆ ಹೋಗಿ ಬಂದರು. ನಮ್ಮನ್ನು ಕರೆಯಲಿಲ್ಲ. ಇಂಚರಳನ್ನು ಮಾತ್ರ ಕರೆದುಕೊಂಡು ಹೋದರು, ಆಟಕ್ಕೆ ಮೂವರಾದರೂ ಬೇಕಂತೆ.

ಸುದ್ದಿ ನಮ್ಮ ಕನ್ನಡದವರಲ್ಲಿ ಹಬ್ಬಿತು. ಲೆಪರ್ಡ್ಸ್‌ಟೌನ್‌ನಲ್ಲಿ ಕೆಲಸ ಮಾಡುವ ಗೆಳೆಯರು ಫೋನ್ ಮಾಡಿ, “ಗುರೂ, ನಮ್ ಫ್ಲೈಟೂ ಲೇಟಾಯ್ತು, ಒಂದು ಲೆಟರ್ ಬರ್ಕೊಡೋ” ಎನ್ನತೊಡಗಿದರು. ಯುಗಾದಿಯ ಊಟದ ಸಾಲಿನಲ್ಲಿ ಒಬ್ಬರು ಎದ್ದು ನನಗೆ ಜಾಗ ಬಿಟ್ಟುಕೊಟ್ಟರು. ಗಾಂಭೀರ್ಯದಿಂದ ಸಲಹೆ ಕೊಡುವುದು ಕಲಿತೆ. ವಿಮಾನ ನೆಲ ಮುಟ್ಟಿದ ಹೊತ್ತಲ್ಲ, ಬಾಗಿಲು ತೆರೆದ ಹೊತ್ತೇ ಲೆಕ್ಕಕ್ಕೆ ಬರುವುದು ಎಂಬಂಥ ಸೂಕ್ಷ್ಮಗಳೆಲ್ಲ ಈಗ ನನಗೆ ಕಂಠಪಾಠ.

ಮೊನ್ನೆ ನಾವು ಮೂವರೇ ಇಟಲಿಗೆ ಹೋಗಿ ಬರುವಾಗ ವಿಮಾನ ತಡವಾಯಿತು. ಮಂದಿ ಶಪಿಸುತ್ತಿದ್ದರು. ನಾನು ಮುಖದ ಮೇಲಿನ ಕಳೆಯನ್ನು ಮುಚ್ಚಿಡಲು ಪತ್ರಿಕೆ ಅಡ್ಡ ಹಿಡಿದಿದ್ದೆ. ಮೂರು ಗಂಟೆ ದಾಟುವುದು ಖಂಡಿತ, ಮನಸ್ಸಿನಲ್ಲಿ ಮೊದಲ ಸಾಲನ್ನೂ ಬರೆದಾಗಿತ್ತು, ಅದರಲ್ಲಿ ಸಾರಿ ಇರಲಿಲ್ಲ. ಆದರೆ ಆ ಪೈಲಟ್ ಯಾರ ಮೇಲಿನ ಹಟಕ್ಕೋ ಏನೋ, ಬಿರುಸಾಗಿ ಹಾರಿಸಿಕೊಂಡು ಬಂದು ಮೂರು ಗಂಟೆಯ ಗಡುವಿಗೆ ಇನ್ನೂ ಒಂದಿಷ್ಟು ನಿಮಿಷವಿರುವಂತೆಯೇ ಡಬ್ಲಿನ್ನಿನಲ್ಲಿ ಇಳಿಸಿಬಿಟ್ಟ. ಇಡೀ ವಿಮಾನ ಚಪ್ಪಾಳೆ ತಟ್ಟಿತು, ವಿನುತಳೂ ತಟ್ಟಿದಳು. ನಾನು ಕೈಕಟ್ಟಿ ಕೂತಿದ್ದೆ.

“ಅಪ್ಪಾ, ಮನೆಗೆ ಬಂದಿದ್ದಕ್ಕೆ ಬೇಜಾರಾ?” ಎಂದಳು ಇಂಚರ, ಕನ್ನಡದಲ್ಲೇ.

“ಛೆ, ಇಲ್ಲ ಪುಟ್ಟಿ” ಎಂದು ಅವಳ ತಲೆ ಸವರುತ್ತಲೇ ನಾನು ಕಿಟಕಿಯಿಂದ ಹೊರಗೆ ಇಣುಕಿದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಏಣಿಯ ಗಾಡಿಯ ಡ್ರೈವರು ಒಂದು ಟೀ ಕುಡಿದು ನಿಧಾನವಾಗಿ ಬರಬಾರದೇ ಎಂದು ಕಂಡ ದೇವರನ್ನೆಲ್ಲ ಬೇಡಿಕೊಳ್ಳುತ್ತಿದ್ದೆ. ಪುಣ್ಯಾತ್ಮ, ಮಳೆಯಲ್ಲಿ ನೆನೆಯುತ್ತ, ನನ್ನ ಕಡೆಗೊಮ್ಮೆ ಕೈ ಬೀಸಿ, ಏಣಿಯನ್ನು ತಂದು ಬಾಗಿಲಿಗೆ ಹಚ್ಚೇಬಿಟ್ಟ. ನಾನೂ ಕೈ ಬೀಸಿದೆ; ಇಳಿಯುವಾಗ ಥ್ಯಾಂಕ್ಸೂ ಹೇಳಿದೆ.