ಬೇಡ ಎನ್ನಲು ಮುಂಡರಗಿಗೆ ಹೋದದ್ದು

ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಇಷ್ಟು ಬರೆದ ಮೇಲೆ ವಾಕ್ಯ ತುಸು ಬಿರುಸಾಯಿತೇನೋ ಅನ್ನಿಸಿ, ‘ಅಷ್ಟಾಗಿ ಬರುವುದಿಲ್ಲ’ ಎಂದು ತಿದ್ದುವ ಮನಸ್ಸಾಗುತ್ತಿದೆ. ಇದರಲ್ಲಿ ಅರ್ಧ ತಪ್ಪು ನನ್ನದು, ಉಳಿದರ್ಧ ಬೆಳೆದ ಮನೆಯದು ಮತ್ತು ಕೂತ ಅಂಗಡಿಯದು. ಮನೆಯಲ್ಲಿ ಅಕ್ಕಿ ತೀರಿದರೆ ಅವ್ವ ‘ಅಕ್ಕಿ ತುಂಬ್ಯಾವು’ ಎನ್ನುತ್ತಿದ್ದಳು. ಚಿಕ್ಕವನಿದ್ದಾಗ ಅದನ್ನು ನಂಬಿ ಡಬ್ಬಿಯ ಮುಚ್ಚಳ ತೆಗೆದು, ತಳ ಕಂಡು ಗಾಬರಿಯಾಗಿದ್ದೇನೆ. ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ಶಾಂತ ಮಾಡುತ್ತಿದ್ದರು. ಹೊರಟವರು ಹೋಗುತ್ತಿರಲಿಲ್ಲ, ಹೋಗಿ ಬರುತ್ತಿದ್ದರು. ಮುಂದೆ ಬೆಟಗೇರಿಯಲ್ಲಿ ಅಪ್ಪನ ಸೀರೆ ಅಂಗಡಿಯ ಗಾದಿಯ ಮೇಲೆ ಕೂತಾಗ ಕಲಿತ ಮೊದಲ ಪಾಠವೂ ಇದೇ. ಗಿರಾಕಿ ಕೇಳಿದ ಬಣ್ಣ ಅಂಗಡಿಯಲ್ಲಿರದಿದ್ದರೆ ಇಲ್ಲ ಅನ್ನಕೂಡದು. ‘ಅದು ಬರೂದೈತ್ರಿ, ಅಲ್ಲೀತನ ಇದೊಂದ್ ನೋಡ್ರಿ’ ಎನ್ನಬೇಕು. ಹೀಗೆ ನೀಲಿ ಕೇಳಿ ಬಂದ ಎಷ್ಟೋ ಹೆಂಗಸರಿಗೆ ಹಸಿರು ಸೀರೆ ಉಡಿಸಿ ಕಳಿಸಿದ್ದೇನೆ. ಕಳಿಸಿ, ಮನೆಯಲ್ಲಿ ಆಕೆಗೆ ಯಾರಾದರೂ ಏನಾದರೂ ಅಂದಿರಬಹುದೇ ಎಂದು ಅಂಗಡಿ ಬಾಗಿಲು ಹಾಕುವತನಕ ಚಿಂತೆ ಮಾಡಿದ್ದೇನೆ.

ಇಂಥ ನನಗೆ ಈ ವಯಸ್ಸಿನಲ್ಲಿ ಜಪಾನೀ ವ್ಯಾಕರಣ ಗಂಟುಬಿದ್ದದ್ದು ಮಗ ಬಸೂನಿಂದ. ಅವನು ಡೋಣಿ ಊರಿನ ಆಚೆ, ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ದುರಸ್ತಿ ಮಾಡುವ ಕಂಪನಿಯಲ್ಲಿದ್ದಾನೆ. ಅಲ್ಲಿಗೆ ಆಗಾಗ ಜಪಾನಿನ ಎಂಜಿನಿಯರುಗಳು ಬರುತ್ತಾರೆ. ಅವರ ಭಾಷೆ ಬಂದವರಿಗೆ ಬಡ್ತಿಯ ಆಸೆ ತೋರಿಸಿದ್ದಾರೆ. ಬಸು ಫೋನಿನಲ್ಲಿ ಪಾಠ ಕೇಳುತ್ತಾನೆ. ಎದುರಿಗೆ ಕೂತು ಮಾತಾಡಲು ಒಬ್ಬರು ಬೇಕೆಂದು ನನ್ನನ್ನು ಹಿಡಿದುಕೊಂಡಿದ್ದಾನೆ. ಬೇಡ ಎನ್ನಲು ಬಾರದವನನ್ನು ಹಿಡಿಯುವುದು ಸುಲಭ. ಸಂಜೆ ಅವನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ನಾನು ಓದಿ ಹೇಳುತ್ತೇನೆ, ಅವನು ಉತ್ತರ ಕೊಡುತ್ತಾನೆ, ಒಳಗಿನಿಂದ ನನ್ನ ಹೆಂಡತಿ ಶಾಂತಾ ನಗುತ್ತಾಳೆ.

ಆ ದಿನದ ಪಾಠ, ಇಲ್ಲ ಎನ್ನುವುದನ್ನು ಮೆತ್ತಗೆ ಹೇಳುವುದು ಹೇಗೆ ಎಂಬುದಾಗಿತ್ತು. ಊಟ ರುಚಿ ಇಲ್ಲ ಎಂದು ಒಮ್ಮೆಲೇ ಅನ್ನಬಾರದು. ಮುಂದೆ ‘ಅಮಾರಿ’ ಎಂಬ ಮಾತೊಂದನ್ನು ಸೇರಿಸಿದರೆ ‘ಅಷ್ಟೇನೂ ರುಚಿ ಇಲ್ಲ’ ಎಂದಾಗುತ್ತದೆ. ಇನ್ನೂ ಮೆತ್ತಗಾಗಬೇಕೆಂದರೆ ‘ರುಚಿ ಇದೆ ಅಂತ ನನಗೆ ಅನ್ನಿಸುವುದಿಲ್ಲ’ ಎಂದು ತಪ್ಪನ್ನು ಅಡುಗೆಯಿಂದ ಎತ್ತಿ ತನ್ನ ನಾಲಿಗೆಯ ಮೇಲೆ ಹಾಕಿಕೊಳ್ಳಬೇಕು. ಯಾರಾದರೂ ಶನಿವಾರ ಬಾ ಎಂದು ಕರೆದರೆ ಬರುವುದಿಲ್ಲ ಎನ್ನುವ ಹಾಗೇ ಇಲ್ಲ. ‘ಶನಿವಾರ ಚೊತ್ತೊ...’ ಎಂದು ಎಳೆದು ನಿಲ್ಲಿಸಿಬಿಡಬೇಕು. ಚೊತ್ತೊ ಅಂದರೆ ಸ್ವಲ್ಪ. ಶನಿವಾರ ಸ್ವಲ್ಪ... ಅಷ್ಟೇ. ಉಳಿದದ್ದನ್ನು ಕೇಳಿದವರು ತಾವೇ ತುಂಬಿಕೊಳ್ಳುತ್ತಾರೆ.

“ಅಪ್ಪಾ, ಇದು ನಿನಗ ಕಲಸೂದ ಬ್ಯಾಡ ಬಿಡು. ನೀ ಹುಟ್ಟಾ ಜಪಾನಿ ಅದಿ,” ಎಂದ ಬಸು.

ನಾನು ಉಬ್ಬಿದೆ. ಐವತ್ತು ದಾಟಿದ ಮೇಲೆ ಮಗನ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಆಗಲೇ ಶಾಂತಾ ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: “ಅಪ್ಪಾ ಮಗಾ ಇಬ್ರೂ ಜಪಾನಿನವ್ರಿಗೆ ಹೇಳೂದು ಆಮ್ಯಾಲ ಇರ್ಲಿ. ಮುಂಡರಗಿಯವ್ರಿಗೆ ಯಾವಾಗ ಹೇಳ್ತೀರಿ?”

ಮುಂಡರಗಿಯವರು ಅಂದರೆ ಕಾಳಿನ ವ್ಯಾಪಾರದ ವೀರಪ್ಪನವರು. ಅವರ ಮಗಳು ಸುಮಾಳನ್ನು ಬಸೂಗೆ ನೋಡಿ ಬಂದು ತಿಂಗಳ ಮೇಲಾಗಿತ್ತು. ಬಸು ಮನೆಗೆ ಬಂದವನೇ “ನನಗ ಮನಸಿಲ್ಲವ್ವಾ” ಎಂದಿದ್ದ. ಅದನ್ನು ಅವರಿಗೆ ತಿಳಿಸುವ ಕೆಲಸ ನನ್ನದಾಗಿತ್ತು. ನಾನು ತಿಳಿಸುತ್ತಲೂ ಇದ್ದೆ. ವೀರಪ್ಪನವರು ಫೋನ್ ಮಾಡಿದಾಗಲೆಲ್ಲ ‘ನೋಡೋಣ್ರಿ’ ಎಂದೆ, ‘ಹಿರ‍್ಯಾರನ್ನ ಒಂದ್ ಮಾತು ಕೇಳ್ಬೇಕ್ರಿ’ ಎಂದೆ, ‘ಹುಡುಗಗ ಕೆಲಸ ಭಾಳ ಐತ್ರಿ’ ಎಂದೆ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ಅವರಿಗೆ ಮಾತ್ರ ಅರ್ಥವಾಗಲಿಲ್ಲ.

“ಆ ಹುಡುಗೀನ ಶಿರಹಟ್ಟಿ ಸಾಲಿಗೆ ಮಾಸ್ತರಿಕಿಗೆ ಕರದಾರಂತ. ಸೋಮವಾರ ಹೋಗಿ ಹಾಜರಾಗಬೇಕು. ನಮ್ಮ ಮಾತು ತಿಳೀದ ಕಳಸಂಗಿಲ್ಲ ಅಂತ ಅವರಪ್ಪ ಕುಂತಾನ,” ಎಂದಳು ಶಾಂತಾ. “ನಿಮ್ಮ ನೋಡೋಣ ನೋಡೋಣದಾಗ ಆಕಿ ನೌಕರಿ ಕೈಬಿಟ್ಟು ಹೊಕ್ಕೈತಿ.”

ನನ್ನ ಮೆತ್ತನೆಯ ಮಾತು ಯಾರಿಗಾದರೂ ಗಟ್ಟಿಯಾಗಿ ತಾಕುತ್ತಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಫೋನಿನಲ್ಲಿ ಆಗದ ಮಾತು ಇದು ಎಂದು ಮರುದಿನ ಶನಿವಾರ ಮುಂಡರಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಾಯಲ್ಲೇ ತಾಲೀಮು ನಡೆಸಿದೆ. ‘ಕೂಡಿ ಬರ್ತೈತಿ ಅಂತ ನಮಗೇನೂ ಅನ್ನಿಸವಲ್ದು’ ಎಂಬ ಜಪಾನೀ ಮಾದರಿಯ ವಾಕ್ಯವೊಂದು ಡೋಣಿ ಬರುವ ಹೊತ್ತಿಗೆ ಸಿದ್ಧವಾಯಿತು. ಗುಡ್ಡದ ಮೇಲೆ ಬಸೂನ ಗಾಳಿಯಂತ್ರಗಳು ಬೇಡ ಬೇಡ ಎಂದು ಕೈ ಬೀಸುತ್ತಿದ್ದವು. ಅವುಗಳಷ್ಟು ಧೈರ್ಯ ನನಗಿದ್ದರೆ ಬಸ್ಸಿನ ಚಾರ್ಜೇ ಉಳಿಯುತ್ತಿತ್ತು.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಹೆಣ್ಣಿನ ಮನೆಗೆ ಹೋದ ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನಬಹುದು, ಚಹಾ ಕುಡಿಯಬಹುದು. ಎಲೆ ಹಾಕಿಸಿಕೊಂಡು ಊಟಕ್ಕೆ ಮಾತ್ರ ಕೂಡ್ರುವ ಹಾಗಿಲ್ಲ. ಮಾತು ಕೂಡಿದ ಮೇಲೇ ಊಟ. ಉಂಡರೆಂದರೆ ಸಂಬಂಧ ಒಪ್ಪಿದಂತೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಈ ಲೆಕ್ಕದಲ್ಲೇ ಬೆಳಗಿನ ಬಸ್ಸು ಹಿಡಿದಿದ್ದೆ. ಚಹಾ ಮುಗಿಯುವುದರೊಳಗೆ ಹೇಳಿ ಎದ್ದುಬಿಡುವ ವಿಚಾರ. ಆದರೆ ಚಹಾ ಬಂದಾಗ ವೀರಪ್ಪನವರು ಕಡಲೆಯ ಧಾರಣೆ ಹೇಳುತ್ತಿದ್ದರು. ಅವರ ಮಾತು ಮುಗಿಯಲೆಂದು ಕಾದೆ. ಮುಗಿದಾಗ ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ನಾನೂ ಸೀರೆಯ ಧಾರಣೆ ಹೇಳತೊಡಗಿದೆ. ಹೀಗೆ ಮಧ್ಯಾಹ್ನವಾಯಿತು. ಒಳಗಿನಿಂದ ಹೂರಣದ ವಾಸನೆ ಬಂತು. ವೀರಪ್ಪನವರ ಹೆಂಡತಿ ಎಲೆ ಹಾಸಿಯೇ ಬಿಟ್ಟರು.

“ಏಳ್ರಿ ಅಣ್ಣಾರ, ಕೈ ತೊಳೀರಿ.”

“ಇಲ್ರೀ ಅಕ್ಕಾರ, ಹೊಟ್ಟಿ ಸ್ವಲ್ಪ...” ಎಂದು ಎಳೆದು ನಿಲ್ಲಿಸಿದೆ. ಉಳಿದದ್ದನ್ನು ಅವರು ತುಂಬಿಕೊಳ್ಳಲಿ ಎಂದು.

ಅವರು ತುಂಬಿಕೊಂಡರು. “ಸ್ವಲ್ಪನ ಊಟ ಮಾಡ್ರಿ ಹಂಗಾದ್ರ. ಎರಡ ಹೋಳಿಗಿ.”

ಆಗ ನನ್ನ ತಲೆಯಲ್ಲಿ ನಡೆದ ವಿಚಾರವನ್ನು ಈಗಲೂ ಸಮರ್ಥಿಸಿಕೊಳ್ಳಬಲ್ಲೆ. ಒಂದೇ ಮನೆಯಲ್ಲಿ ಒಂದೇ ದಿನ ಹೋಳಿಗೆಯೂ ಬೇಡ, ಮಗಳೂ ಬೇಡ ಎನ್ನುವುದು ಮನುಷ್ಯನಾದವನಿಗೆ ಸಾಧ್ಯವೇ? ಒಂದಕ್ಕಾದರೂ ಹೂಂ ಅನ್ನಬೇಕು. ಹೋಳಿಗೆ ಚಿಕ್ಕದು ಎಂದುಕೊಂಡು ಕೂತೆ, ಮೇಲೆ ತುಪ್ಪವನ್ನೂ ಹಾಕಿಸಿಕೊಂಡೆ. ಎರಡನೆಯದನ್ನು ಮುರಿಯುವಾಗ ವೀರಪ್ಪನವರ ಮುಖ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು. ನಾನು ಉಣ್ಣುವುದನ್ನು ಇಷ್ಟು ಪ್ರೀತಿಯಿಂದ ಯಾರೂ ನೋಡಿದ್ದಿಲ್ಲ.

“ತಿಂಗಳಾತ್ರಿ, ಎದಿಮ್ಯಾಲ ಕಲ್ಲ ಇಟ್ಟಂಗ ಆಗಿತ್ತು,” ಎಂದರು ಅವರು. “ಈಗ ಹಗುರಾತು. ನಿಶ್ಚಯಕ್ಕ ಯಾವ ದಿನಾ ನೋಡೂಣ?”

ಕೈಯಲ್ಲಿದ್ದ ತುಂಡನ್ನು ಎಲೆಯ ಮೇಲಿಟ್ಟೆ. ನೀರು ಕುಡಿದು, “ಕೂಡಿ ಬರ್ತೈತಿ ಅಂತ ನಮಗೇನೂ...” ಎಂದು ಸಿದ್ಧ ವಾಕ್ಯವನ್ನು ತೆಗೆದೆ.

“ಬಂಗಾರದ ವಿಚಾರ ಏನ್ರಿ? ನಾಚಬ್ಯಾಡ್ರಿ, ಬಾಯಿಬಿಟ್ಟು ಹೇಳ್ರಿ.”

“ಛೇ ಛೇ, ಬಂಗಾರದ್ದಲ್ರಿ. ಅದು ಸ್ವಲ್ಪ...”

“ಸ್ವಲ್ಪನ ಹಾಕೂಣಂತ ತಗೋರಿ.”

ನನ್ನ ಒಂದೊಂದು ಮೆತ್ತನೆಯ ಮಾತೂ ಅವರಿಗೆ ಮದುವೆಯ ಒಂದೊಂದು ಮೆಟ್ಟಿಲಾಗುತ್ತಿತ್ತು. ಇನ್ನೆರಡು ಸಲ ಬೇಡವೆಂದಿದ್ದರೆ ಮಂಟಪವೇ ಏಳುತ್ತಿತ್ತೇನೋ. ಅಷ್ಟರಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು ಸುಮಾ ಬಂದಳು. ತಟ್ಟೆಯನ್ನು ನನ್ನ ಮುಂದೆ ಇಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

“ಅಪ್ಪಾ, ಸ್ವಲ್ಪ ಅವರ ಮಾರಿ ನೋಡು. ಅವ್ರು ಬ್ಯಾಡ ಅನ್ನಾಕ ಬಂದಾರ. ನೀವಿಬ್ರೂ ಹೋಳಿಗಿ ಹಾಕಿ ಹಾಕಿ ಬಾಯಿ ಮುಚ್ಚಿಸೀರಿ.” ಆಮೇಲೆ ನನ್ನ ಕಡೆ ತಿರುಗಿದಳು. “ಕಾಕಾರ, ನಿಮಗ ಹೇಳಾಕ ತ್ರಾಸ ಆಗೂದಾದ್ರ ನಾನ ಹೇಳ್ತೀನ್ರಿ. ನಿಮ್ಮ ಮಗಾ ನನಗ ಬ್ಯಾಡ್ರಿ. ನಾ ಸೋಮವಾರ ಸಾಲಿಗೆ ಹೊಕ್ಕೀನಿ.”

ವೀರಪ್ಪನವರು ಮಗಳ ಮೇಲೆ ಗದರಲು ಬಾಯಿ ತೆರೆದವರು ನನ್ನ ಮುಖ ನೋಡಿದರು. ಮುಖದಲ್ಲಿ ಏನು ಕಂಡಿತೋ, “ಹೌದೇನ್ರಿ?” ಎಂದಷ್ಟೇ ಕೇಳಿದರು. ನಾನು ತಲೆ ತಗ್ಗಿಸಿ “ಹೌದ್ರಿ” ಎಂದೆ. ಇಡೀ ತಿಂಗಳಲ್ಲಿ ನಾನು ಅವರಿಗೆ ಹೇಳಿದ ನೇರ ಮಾತು ಅದೊಂದೇ. ಅವರು ಬಹಳ ಹೊತ್ತು ತಟ್ಟೆಯಲ್ಲಿನ ಎಲೆಗಳನ್ನು ಸರಿಮಾಡುತ್ತ ಕೂತಿದ್ದು, ಕೊನೆಗೆ ಹೆಂಡತಿಗೆ, “ಆಕಿ ಬ್ಯಾಗಿಗೆ ಅರಿವಿ ತುಂಬಿ ಇಡು ಹಂಗಾದ್ರ. ಸೋಮವಾರ ನಾನ ಬಿಟ್ಟು ಬರ್ತೀನಿ,” ಎಂದರು. ನನ್ನನ್ನು ಬಸ್ ಸ್ಟ್ಯಾಂಡಿನತನಕ ಕಳಿಸಲೂ ಬಂದರು. ಬಸ್ಸು ಬಂದಾಗ, “ಮದ್ಲ ಹೇಳಿದ್ರ ಆಗತಿತ್ತು ಬಿಡ್ರಿ,” ಎಂದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು.

ಆಗಬೇಕಾದ ಕೆಲಸ ಆಗಿತ್ತು. ಹುಡುಗಿ ನೌಕರಿಗೆ ಹೋಗುತ್ತಾಳೆ, ಬಸು ಬಚಾವಾದ, ನಾನು ಬೇಡ ಎನ್ನುವ ಪಾಪವನ್ನೂ ಕಟ್ಟಿಕೊಳ್ಳಲಿಲ್ಲ. ಹಗುರಾಗಬೇಕಾಗಿದ್ದ ಮನಸ್ಸು ಮಾತ್ರ ಬಸ್ಸು ಊರು ದಾಟಿದರೂ ಕುಟುಕುತ್ತಲೇ ಇತ್ತು. ನಿಮ್ಮ ಮಗಾ ನನಗ ಬ್ಯಾಡ್ರಿ ಅಂದಳಲ್ಲ. ಅಷ್ಟು ಸಪಾಟಾಗಿ? ಬಸೂನಲ್ಲಿ ಏನು ಕಡಿಮೆ? ಕೈತುಂಬ ಸಂಬಳ, ಎತ್ತರವಿದ್ದಾನೆ, ಚಟವಿಲ್ಲ, ಜಪಾನಿನವರ ಜೊತೆ ಜಪಾನಿಯಲ್ಲೇ ಮಾತಾಡುತ್ತಾನೆ.

ಮನೆಗೆ ಬಂದಾಗ ಶಾಂತಾ “ಹೇಳಿದ್ರಿಲ್ಲೋ?” ಎಂದು ಕೇಳಿದಳು. “ಎರಡೂ ಕಡಿಗೆ ಅಷ್ಟೇನೂ ಮನಸಿದ್ದಂಗ ಕಾಣಲಿಲ್ಲ,” ಎಂದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ, “ಅಂದ್ರ ಆಕಿನ ಬ್ಯಾಡ ಅಂದ್ಲು,” ಎಂದು ಒಳಗೆ ಹೋದಳು. ಬಸು ಸಂತೋಷದಿಂದ ಶಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದ. ಬೇಡ ಎನ್ನಿಸಿಕೊಂಡವನು ಶಿಳ್ಳೆ ಹಾಕುತ್ತಿದ್ದ. ಬೇಡ ಎನ್ನಲು ಹೋಗಿದ್ದ ನಾನು ಪಡಸಾಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು, ಆ ಹುಡುಗಿ ಅದೇ ಮಾತನ್ನು ಇನ್ನೊಂದಿಷ್ಟು ಮೆತ್ತಗೆ ಹೇಳಬಹುದಿತ್ತಲ್ಲ ಎಂದು ಕೊರಗುತ್ತ ಕೂತಿದ್ದೆ.